ಬಯಲಲ್ಲಿಟ್ಟ ಹೀಟ್ ಪಂಪನ್ನು ಮಳೆ ತೊಳೆಯುವುದಿಲ್ಲ

ಮಾನ್ಯ ಸಂಪಾದಕರೇ,

ಮಂಜೇಶ್ವರದಿಂದ ಬೇಕಲದವರೆಗಿನ ಕರಾವಳಿಯಲ್ಲಿ ಈಜುಕೊಳವಿರುವ ರೆಸಾರ್ಟುಗಳು, ಹೋಂಸ್ಟೇಗಳು ಮತ್ತು ಗಲ್ಫಿನ ದುಡಿಮೆಯಿಂದ ಎದ್ದ ಮನೆಗಳು ಈಗ ಅಪರೂಪವಲ್ಲ. ಅವುಗಳಲ್ಲಿ ಕೆಲವು ಕಡೆ ಕೊಳದ ನೀರನ್ನು ಬೆಚ್ಚಗಿಡಲೆಂದು ಹೀಟ್ ಪಂಪ್ ಕೂರಿಸಿದ್ದಾರೆ. ನೋಡಲು ಎಸಿಯ ಹೊರಗಿನ ಪೆಟ್ಟಿಗೆಯಂತೆಯೇ ಇರುವ ಈ ಯಂತ್ರದ ಬೆಲೆ ಲಕ್ಷಗಳಲ್ಲಿದೆ. ಅಷ್ಟು ಹಣ ಕೊಟ್ಟು ತಂದ ಯಂತ್ರ ಎರಡು ಮೂರು ಮಳೆಗಾಲ ಕಳೆಯುವುದರೊಳಗೆ ಗುಜರಿಯವನ ತಕ್ಕಡಿ ಸೇರುವುದನ್ನು ಕಂಡವರು, ‘ಈ ಯಂತ್ರ ನಮ್ಮ ಕರಾವಳಿಗೆ ಹೇಳಿದ್ದಲ್ಲ’ ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಕೊಳಗಳ ನಿರ್ವಹಣೆಯನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನನಗೆ ಈ ತೀರ್ಮಾನ ಒಪ್ಪಿಗೆಯಾಗಿಲ್ಲ. ಉಪ್ಪುಗಾಳಿ ಯಂತ್ರವನ್ನು ತಿನ್ನುತ್ತದೆ ಎಂಬುದು ನಿಜ. ಆದರೆ ಅದಕ್ಕೆ ತಿನ್ನಲು ಬಿಡುವವರು ನಾವು. ಯಂತ್ರ ಹೇಗೂ ಬಯಲಿನಲ್ಲಿದೆ, ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯೇ ಅದನ್ನು ತೊಳೆದುಬಿಡುತ್ತದೆ, ನಾವು ಬೇರೆ ತೊಳೆಯಬೇಕೇ ಎಂಬ ನಂಬಿಕೆಯೇ ಇದರ ಮೂಲ. ಆ ನಂಬಿಕೆ ಏಕೆ ತಪ್ಪು ಮತ್ತು ಅದರ ಬದಲು ಏನು ಮಾಡಬೇಕು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಬಯಸುತ್ತೇನೆ.

ಕಾಸರಗೋಡಿನಂಥ ಸೆಕೆಯ ಊರಿನಲ್ಲಿ ನೀರು ಬಿಸಿಮಾಡುವ ಅಗತ್ಯವೇನು ಎಂದು ಕೆಲವರು ನಗಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಆ ನಗು ಸರಿಯೇ. ಆದರೆ ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್) ವಾರಗಟ್ಟಲೆ ಬಿಸಿಲು ಕಾಣದೆ, ಹಗಲಿರುಳು ತಣ್ಣನೆಯ ಮಳೆನೀರು ಬೀಳುವ ತೆರೆದ ಕೊಳಕ್ಕೆ ಮಕ್ಕಳೂ ಮುದುಕರೂ ಇಳಿಯಲಾರರು. ಕರ್ಕಟಕ ಮಾಸದ ಆಯುರ್ವೇದ ಚಿಕಿತ್ಸೆಗೆಂದು ಅತಿಥಿಗಳು ಬರುವುದೂ ಅದೇ ಕಾಲದಲ್ಲಿ. ಮೊಣಕಾಲಿನ ತೊಂದರೆಗೆ ನೀರಿನಲ್ಲಿ ವ್ಯಾಯಾಮ ಮಾಡಿಸುವ ಕೊಳದ ನೀರು 32, 33 ಡಿಗ್ರಿ ಸೆಲ್ಸಿಯಸ್‌ನಷ್ಟಾದರೂ ಇರಬೇಕಾಗುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲಿ ಬದಿಯಡ್ಕ, ಪೆರ್ಲದ ಕಡೆಯ ಕೊಳಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಯಂತ್ರದ ಕೆಲಸವನ್ನು ಸ್ವಲ್ಪ ತಿಳಿದುಕೊಂಡರೆ ಅದನ್ನು ಸ್ವಚ್ಛವಾಗಿಡುವುದು ಏಕೆ ಮುಖ್ಯ ಎಂಬುದು ತಾನಾಗಿ ಅರ್ಥವಾಗುತ್ತದೆ. ಹೀಟ್ ಪಂಪಿನ ಫ್ಯಾನು ಹೊರಗಿನ ಗಾಳಿಯನ್ನು ಅಲ್ಯೂಮಿನಿಯಂ ರೆಕ್ಕೆಗಳಿಂದ ಕೂಡಿದ ತಾಮ್ರದ ಕೊಳವೆಗಳ ಸುರುಳಿಯ ಮೂಲಕ ಎಳೆಯುತ್ತದೆ. ಆ ಗಾಳಿಯ ಶಾಖವನ್ನು ಹೀರಿ ಆವಿಯಾದ, ಕೊಳವೆಯೊಳಗಿನ ಅನಿಲವನ್ನು ಕಂಪ್ರೆಸರ್ ಒತ್ತಿ ಇನ್ನಷ್ಟು ಬಿಸಿಮಾಡುತ್ತದೆ. ಕೊನೆಗೆ ಆ ಶಾಖ ಒಳಗಿನ ಹೀಟ್ ಎಕ್ಸ್‌ಚೇಂಜರಿನಲ್ಲಿ ಕೊಳದ ನೀರಿಗೆ ದಾಟುತ್ತದೆ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಕೊಳದಲ್ಲಿ 40,000 ಲೀಟರ್ ನೀರು ಹಿಡಿಯುತ್ತದೆ. ಅಷ್ಟು ನೀರನ್ನು ಕೇವಲ ಒಂದು ಡಿಗ್ರಿ ಬಿಸಿಮಾಡಲು ಸುಮಾರು 46 ಯೂನಿಟ್ ಶಾಖ ಬೇಕು. ಸಾಮಾನ್ಯ ವಿದ್ಯುತ್ ಹೀಟರಾದರೆ ಅಷ್ಟೂ ಯೂನಿಟ್ ಕರೆಂಟನ್ನು ತಿನ್ನುತ್ತದೆ. ಸುಸ್ಥಿತಿಯ ಹೀಟ್ ಪಂಪು ಅದನ್ನೇ ಒಂಬತ್ತು, ಹತ್ತು ಯೂನಿಟಿನಲ್ಲಿ ಮುಗಿಸುತ್ತದೆ, ಏಕೆಂದರೆ ಉಳಿದ ಶಾಖವೆಲ್ಲ ಗಾಳಿಯಿಂದ ಪುಕ್ಕಟೆಯಾಗಿ ಬಂದದ್ದು. ರೆಕ್ಕೆಗಳ ಸಂದು ಕಟ್ಟಿಕೊಂಡು ಗಾಳಿ ಹಾಯದಾದರೆ ಈ ಪುಕ್ಕಟೆಯ ಭಾಗವೇ ಮೊದಲು ಕುಗ್ಗುತ್ತದೆ. ಯಂತ್ರವೇನೋ ಓಡುತ್ತಲೇ ಇರುತ್ತದೆ, ಬಿಲ್ಲೂ ಬರುತ್ತಲೇ ಇರುತ್ತದೆ, ನೀರು ಮಾತ್ರ ಬೆಚ್ಚಗಾಗುವುದಿಲ್ಲ.

ಆ ರೆಕ್ಕೆಗಳ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು, ಎರಡು ರೆಕ್ಕೆಗಳ ನಡುವಿನ ಸಂದು ಸುಮಾರು 2 ಮಿಲಿಮೀಟರ್. ಅಲ್ಯೂಮಿನಿಯಂ ಮತ್ತು ತಾಮ್ರ ಒಂದಕ್ಕೊಂದು ತಾಗಿಕೊಂಡಿರುವಲ್ಲಿ ಉಪ್ಪುನೀರಿನ ಪಸೆ ಸೇರಿದರೆ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಅಡಿಗೆ ಉಪ್ಪಿನ ಒಂದು ಗುಣವನ್ನು ಇಲ್ಲಿ ನೆನಪಿಡಬೇಕು: ಗಾಳಿಯ ತೇವಾಂಶ ಶೇಕಡಾ 75ನ್ನು ದಾಟಿದರೆ ಅದು ತಾನೇ ನೀರನ್ನು ಹೀರಿಕೊಂಡು ಕರಗುತ್ತದೆ. ನಮ್ಮ ಕಡಲತೀರದಲ್ಲಿ ರಾತ್ರಿಯ ತೇವಾಂಶ ಆ ಮಟ್ಟಕ್ಕಿಂತ ಕೆಳಗಿಳಿಯುವುದೇ ಕಡಿಮೆ. ಅಂದರೆ ಮಧ್ಯಾಹ್ನದ ಕಡಲಗಾಳಿ ತಂದು ಕೂರಿಸಿದ ಉಪ್ಪು ಯಂತ್ರ ನಿಂತಿರುವ ರಾತ್ರಿಯಲ್ಲೂ ಒದ್ದೆಯಾಗಿಯೇ ಇದ್ದು ತನ್ನ ಕೆಲಸವನ್ನು ಮುಂದುವರಿಸುತ್ತದೆ. ಮೊದಲು ರೆಕ್ಕೆಗಳ ಬುಡದಲ್ಲಿ ಬಿಳಿ ಪುಡಿ ಕಾಣಿಸುತ್ತದೆ, ಬಳಿಕ ಅಂಚುಗಳು ಉಬ್ಬುತ್ತವೆ, ಆ ಹಂತವನ್ನೂ ಕಡೆಗಣಿಸಿದ ಯಂತ್ರದ ರೆಕ್ಕೆಗೆ ಬೆರಳು ತಾಗಿಸಿದರೆ ಸಾಕು, ಹಳಸಿದ ಹಪ್ಪಳದಂತೆ ಉದುರಿ ಬರಿಯ ತಾಮ್ರದ ಕೊಳವೆ ಉಳಿಯುತ್ತದೆ.

ಇದನ್ನು ಮಳೆ ತೊಳೆಯುವುದಿಲ್ಲವೇ ಎಂದರೆ, ಇಲ್ಲ. ಸುರುಳಿ ಯಂತ್ರದ ಹಿಂಬದಿ ಮತ್ತು ಪಕ್ಕದಲ್ಲಿ ನೆಟ್ಟಗೆ ನಿಂತಿದೆ, ಅದರ ಮೇಲೆ ಮುಚ್ಚಳವಿದೆ. ಮೇಲಿನಿಂದ ಬೀಳುವ ಮಳೆ ಮುಚ್ಚಳವನ್ನು ತೊಳೆದು ಇಳಿದುಹೋಗುತ್ತದೆ. ಗಾಳಿಮಳೆಯ ಎರಚಲು ರೆಕ್ಕೆಗಳ ಹೊರ ಅಂಚನ್ನು ತೋಯಿಸಬಲ್ಲುದೇ ಹೊರತು ಸಂದಿನ ಒಳಗಿನ ಉಪ್ಪನ್ನು ಹೊರಗೆ ತರಲಾರದು. ಜೂನ್, ಜುಲೈಯಲ್ಲಿ ಕಡಲು ಉಕ್ಕಿ ತೆರೆಗಳ ತುಂತುರನ್ನು ದಡದ ಮೇಲೆ ಎರಚುತ್ತಿರುವಾಗಂತೂ ತೊಳೆಯುವ ನೀರು ಮತ್ತು ಉಪ್ಪು ಎರಡೂ ಒಂದೇ ದಿಕ್ಕಿನಿಂದ ಬರುತ್ತವೆ. ಇನ್ನು ಅಕ್ಟೋಬರ್, ನವೆಂಬರಿನ ತುಲಾ ಮಳೆ ಮುಗಿದ ಮೇಲೆ ಮೇ ಕೊನೆಯವರೆಗೆ ಬೀಳುವ ಮಳೆಯೇ ಎಷ್ಟು? ಆ ಆರು ತಿಂಗಳೂ ಪಡುಗಾಳಿ ತಪ್ಪದೆ ಬೀಸುತ್ತದೆ.

ತೊಳೆಯುವ ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಯಂತ್ರದ ಮುಖದ ಮೇಲಿನ ಗುಂಡಿ ಒತ್ತಿ ನಿಲ್ಲಿಸಿದರೆ ಸಾಲದು, ಅದರ ಲೈನಿನ ಐಸೊಲೇಟರನ್ನೋ ಎಂಸಿಬಿಯನ್ನೋ ಕೆಳಗಿಳಿಸಿ ಕೆಲವು ನಿಮಿಷ ಬಿಡಬೇಕು. ಒಣಗಿದ ಹಿಂಗಾರ, ಮಡಲಿನ ಚೂರು, ಜೇಡರಬಲೆಗಳನ್ನು ಕೈಯಿಂದ ತೆಗೆದು, ಮೆತ್ತನೆಯ ಬ್ರಷ್ಷನ್ನು ರೆಕ್ಕೆಗಳ ಉದ್ದಕ್ಕೆ, ಅಂದರೆ ಮೇಲಿನಿಂದ ಕೆಳಕ್ಕೆ ಮಾತ್ರ ಆಡಿಸಬೇಕು. ಅಡ್ಡಕ್ಕೆ ಉಜ್ಜಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಆಮೇಲೆ ತೋಟದ ಹೋಸಿನಿಂದ, ಹೂಗಿಡಕ್ಕೆ ಹಾಯಿಸುವಷ್ಟೇ ಒತ್ತಡದಲ್ಲಿ, ಕೆಳಗಿನಿಂದ ಇಳಿಯುವ ನೀರು ತಿಳಿಯಾಗುವವರೆಗೆ ನಿಧಾನವಾಗಿ ತೊಳೆಯಬೇಕು. ಹೊರ ಕವಚ ಬಿಚ್ಚಲು ತಿಳಿದ ತಂತ್ರಜ್ಞರು ಬಂದಾಗ ಒಳಗಿನಿಂದ ಹೊರಕ್ಕೆ ನೀರು ಹಾಯಿಸುವುದು ಮೇಲು, ಏಕೆಂದರೆ ಕಸ ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಫ್ಯಾನಿನ ಮೋಟಾರಿಗೂ ವಿದ್ಯುತ್ ಪೆಟ್ಟಿಗೆಗೂ ನೀರು ಎರಚಬಾರದು. ಜಿಡ್ಡು ಹಿಡಿದಿದ್ದರೆ ಸೌಮ್ಯವಾದ ಸಾಬೂನು ನೀರು ಸಾಕು. ಕಡಲು ಕಣ್ಣಿಗೆ ಕಾಣುವಷ್ಟು ಹತ್ತಿರದ ಮನೆಗಳಲ್ಲಿ ಹದಿನೈದು ದಿನಕ್ಕೊಮ್ಮೆ, ಒಳನಾಡಿನಲ್ಲಿ ತಿಂಗಳಿಗೊಮ್ಮೆ ಇಷ್ಟನ್ನು ಮಾಡಿದರೆ ಯಂತ್ರ ಬಾಳುತ್ತದೆ.

ಯಾವ ನೀರಿನಿಂದ ತೊಳೆಯುತ್ತೇವೆ ಎಂಬುದೂ ಮುಖ್ಯ. ಕೈಗೆ ಸಿಗುವುದು ಕೊಳದ ಪಂಪಿನ ಹೋಸು. ಕೆಲಸದವರು ಅದನ್ನೇ ತಿರುಗಿಸಿ ಯಂತ್ರಕ್ಕೆ ಹಿಡಿಯುವುದನ್ನು ನಾನು ಹಲವು ಕಡೆ ನೋಡಿದ್ದೇನೆ. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ವ್ಯವಸ್ಥೆ ಇರುವ ಕೊಳದ ನೀರಿನಲ್ಲಿ 3,000 ಪಿಪಿಎಂಗಿಂತ (ಅಂದರೆ ಲೀಟರಿಗೆ 3 ಗ್ರಾಂಗಿಂತ) ಹೆಚ್ಚು ಉಪ್ಪಿರುತ್ತದೆ, ಉಪ್ಪು ತೆಗೆಯಲು ಉಪ್ಪುನೀರನ್ನೇ ಎರೆದಂತಾಗುತ್ತದೆ. ತೀರದ ಕೆಲವು ಕೊಳವೆಬಾವಿಗಳ ನೀರೂ ಬೇಸಗೆಯಲ್ಲಿ ಸವುಳಾಗುತ್ತದೆ. ತೆರೆದ ಬಾವಿಯ ಸಿಹಿನೀರು ಇದ್ದರೆ ಅದನ್ನೇ ಬಳಸಬೇಕು.

ತೊಳೆಯದೆ ಕೆಟ್ಟ ಯಂತ್ರಗಳ ಜೊತೆಗೆ ತೊಳೆದು ಕೆಟ್ಟ ಯಂತ್ರಗಳೂ ಇವೆ. ಕಾರು ತೊಳೆಯುವ ಪ್ರೆಷರ್ ವಾಷರ್ ಈಗ ಎಲ್ಲರ ಕೈಯಲ್ಲಿದೆ. ನನಗೆ ಗೊತ್ತಿರುವ ಒಂದು ಹೋಂಸ್ಟೇಯಲ್ಲಿ ವಾರ್ಷಿಕ ನಿರ್ವಹಣೆಗೆ ಬಂದವರು ಆ ಗನ್ನನ್ನು ರೆಕ್ಕೆಗಳಿಗೆ ಓರೆಯಾಗಿ ಹಿಡಿದು, ಸುರುಳಿಯ ಕೆಳಗಿನ ಅರ್ಧಭಾಗವನ್ನು ತಗಡಿನ ಹಾಗೆ ಚಪ್ಪಟೆ ಮಾಡಿಹೋದರು. ನೀರು ಬಿಸಿಯಾಗುತ್ತಿಲ್ಲವೆಂದು ಮತ್ತೆ ಕರೆದಾಗ ಅದೇ ಮಂದಿ ಬಂದು ಗ್ಯಾಸ್ ಕಡಿಮೆಯಾಗಿದೆಯೆಂದು ಅನಿಲ ತುಂಬಿಸಿ, ಅದಕ್ಕೂ ಬಿಲ್ಲು ಮಾಡಿದರು. ನಿಜವಾಗಿ ಕಡಿಮೆಯಾಗಿದ್ದುದು ಗಾಳಿಯೇ ಹೊರತು ಗ್ಯಾಸ್ ಅಲ್ಲ. ಅಗತ್ಯಕ್ಕಿಂತ ಹೆಚ್ಚು ಅನಿಲ ತುಂಬಿದ ಕಂಪ್ರೆಸರಿನ ಆಯುಷ್ಯ ಹೇಗೂ ಕಡಿಮೆಯಾಗುತ್ತದೆ. ಮುಚ್ಚಿದ ಸರ್ಕಿಟ್ಟಿನಲ್ಲಿರುವ ಅನಿಲ ಸೋರಿಕೆಯಿಲ್ಲದೆ ಖರ್ಚಾಗುವ ಪದಾರ್ಥವಲ್ಲ. ಸೋರಿಕೆ ಎಲ್ಲಿದೆ ಎಂದು ತೋರಿಸದೆ ಗ್ಯಾಸ್ ತುಂಬಲು ಹೊರಟವರನ್ನು ಯಜಮಾನರು ಪ್ರಶ್ನಿಸಲೇಬೇಕು. ಮಡಚಿದ ರೆಕ್ಕೆಗಳನ್ನು ನೇರ ಮಾಡುವ ಬಾಚಣಿಗೆಯಂಥ ಸಾಧನ ಸಿಗುತ್ತದೆ, ಸ್ವಲ್ಪಮಟ್ಟಿಗೆ ಸರಿಪಡಿಸಬಹುದು. ಶೌಚಾಲಯ ತೊಳೆಯುವ ಆಸಿಡ್ಡನ್ನು ಹಾಕಿ ಥಳಥಳ ಹೊಳೆಸಿದ ಸುರುಳಿಯನ್ನು ಮಾತ್ರ ಯಾರೂ ಸರಿಪಡಿಸಲಾರರು.

ಒಳನಾಡಿನವರು ನಮಗೆ ಉಪ್ಪಿನ ಕಾಟವಿಲ್ಲವೆಂದು ನಿಶ್ಚಿಂತರಾಗಿರುವಂತಿಲ್ಲ. ಅಲ್ಲಿ ಮುರಕಲ್ಲು ಕೋರೆಯ ಕೆಂಪು ಧೂಳಿದೆ. ಅದಕ್ಕಿಂತ ಮಿಗಿಲಾಗಿ, ನಾನು ಯಾವ ಕೈಪಿಡಿಯಲ್ಲೂ ಕಾಣದ ಒಂದು ಶತ್ರು ಅಡಿಕೆ ತೋಟದಲ್ಲಿದೆ. ಕೊಳೆ ರೋಗಕ್ಕೆ ಮಳೆಗಾಲದ ಆರಂಭದಲ್ಲಿ ಒಮ್ಮೆ, ಸುಮಾರು 40, 45 ದಿನಗಳ ಬಳಿಕ ಇನ್ನೊಮ್ಮೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತು ಮತ್ತು ಸುಣ್ಣ. ಮರದ ತುದಿಯಿಂದ ಇಳಿಯುವ ಆ ನೀಲಿ ಮಂಜು ಕೊಳದ ಬದಿಯ ಯಂತ್ರದ ಮೇಲೂ ಕೂರುತ್ತದೆ. ಫ್ಯಾನು ಓಡುತ್ತಿದ್ದರೆ ಯಂತ್ರವೇ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ತಾಮ್ರದ ಅಂಶ ಅಲ್ಯೂಮಿನಿಯಂನ ಮೇಲೆ ಕುಳಿತರೆ ಅಲ್ಲಲ್ಲಿ ಸಣ್ಣ ತೂತು ಬೀಳುವಂತೆ ಅದನ್ನು ಕೊರೆಯುತ್ತದೆ, ಸುಣ್ಣದ ಕ್ಷಾರವೂ ಅಲ್ಯೂಮಿನಿಯಂಗೆ ಹಿತವಲ್ಲ. ಔಷಧಿ ಬಿಡುವ ದಿನ ಯಂತ್ರವನ್ನು ನಿಲ್ಲಿಸಿ, ಅಷ್ಟು ಹೊತ್ತಿಗೆ ಮಾತ್ರ ಟಾರ್ಪಾಲು ಹೊದೆಸಿ, ಸಂಜೆ ತೆಗೆದು ಒಮ್ಮೆ ನೀರು ಹಾಯಿಸಿದರೆ ತೀರಿತು. ತೋಟದ ಕೆಲಸದವರಿಗೆ ಮೊದಲೇ ಹೇಳಿಟ್ಟರೆ ಇದು ದೊಡ್ಡ ವಿಷಯವೂ ಅಲ್ಲ.

ಹೊರಗಿನಿಂದ ಬರುವ ಕೇಡಿಗಿಂತ ನಾವೇ ಪಕ್ಕದಲ್ಲಿ ತಂದಿಟ್ಟುಕೊಳ್ಳುವ ಕೇಡು ಕೆಲವೊಮ್ಮೆ ದೊಡ್ಡದು. ಪಂಪ್ ಶೆಡ್ಡಿನಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ಡಿನ ಕ್ಯಾನು, ಕ್ಲೋರಿನ್ ಪುಡಿಯ ಡ್ರಮ್ಮು ಮತ್ತು ಗೋಡೆಯಾಚೆ ಹೀಟ್ ಪಂಪು ಎಂಬುದು ಸರ್ವೇಸಾಮಾನ್ಯ ವ್ಯವಸ್ಥೆ. ಸರಿಯಾಗಿ ಮುಚ್ಚದ ಕ್ಯಾನಿನಿಂದ ಹೊರಡುವ ಆವಿಯನ್ನು ಫ್ಯಾನು ದಿನವಿಡೀ ಸುರುಳಿಯ ಮೂಲಕ ಎಳೆಯುತ್ತದೆ. ಅದರ ಮುಂದೆ ಕಡಲಗಾಳಿ ಏನೂ ಅಲ್ಲ. ಆಸಿಡ್ಡನ್ನೂ ಕ್ಲೋರಿನ್ನನ್ನೂ ಒಂದೇ ಕೋಣೆಯಲ್ಲಿಡುವುದು ಮನುಷ್ಯರ ಜೀವಕ್ಕೂ ಅಪಾಯ, ಎರಡೂ ಬೆರೆತರೆ ವಿಷಾನಿಲ ಏಳುತ್ತದೆ. ಅಂತೆಯೇ ಕೊಳದ ಮೇಲೆ ತೇಲುವ ಕಸವನ್ನು ಹಿಡಿಯುವ ಸ್ಕಿಮ್ಮರಿನ ಬುಟ್ಟಿಯಲ್ಲಿ ಕ್ಲೋರಿನ್ ಮಾತ್ರೆ ಹಾಕಿಬಿಡುವ ಅಭ್ಯಾಸವನ್ನೂ ಬಿಡಬೇಕು. ಪಂಪ್ ನಿಂತಿರುವ ರಾತ್ರಿಯಲ್ಲಿ ಅಲ್ಲಿ ಸುಮಾರು 3 ಪಿಎಚ್‌ನ ತೀಕ್ಷ್ಣ ಹುಳಿ ದ್ರಾವಣ ಸಿದ್ಧವಾಗಿ, ಬೆಳಿಗ್ಗೆ ಪಂಪ್ ಶುರುವಾದೊಡನೆ ನೇರವಾಗಿ ಯಂತ್ರದ ಒಳಗೆ ಹೋಗುತ್ತದೆ. ಕ್ಲೋರಿನ್ ಸೇರಿಸುವ ಉಪಕರಣ ಯಾವುದೇ ಇರಲಿ, ಅದು ಹೀಟ್ ಪಂಪಿನ ನಂತರ, ನೀರು ಕೊಳಕ್ಕೆ ಹಿಂತಿರುಗುವ ಪೈಪಿನಲ್ಲಿರಬೇಕು ಮತ್ತು ಹಿಮ್ಮುಖ ಹರಿವನ್ನು ತಡೆಯುವ ವಾಲ್ವ್ ನಡುವೆ ಇರಬೇಕು.

ನೀರಿನ ಗುಣದ ವಿಚಾರದಲ್ಲಿ ನಮ್ಮ ನೆಲಕ್ಕೇ ಒಂದು ವಿಶೇಷವಿದೆ. ಮುರಕಲ್ಲಿನ ನಡುವಿನಿಂದ ಬರುವ ಬಾವಿಯ ನೀರಾಗಲಿ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದ ನೀರಾಗಲಿ ಕುಡಿಯಲು ಬಲು ಮೃದು, ರುಚಿಕರ. ಆದರೆ ಅದರಲ್ಲಿ ಸುಣ್ಣದಂಶ ತೀರಾ ಕಡಿಮೆ, ಪಿಎಚ್ ಬಹಳ ಕಡೆ 7ಕ್ಕಿಂತ ಕೆಳಗೆ. ಅದರ ಮೇಲೆ ಮಳೆಗಾಲದಲ್ಲಿ ಒಂದು ದಿನ 100 ಮಿಲಿಮೀಟರ್ ಸುರಿದರೆ, ಮೇಲೆ ಹೇಳಿದ ಅಳತೆಯ ಕೊಳಕ್ಕೆ 3,200 ಲೀಟರ್ ಮಳೆನೀರು ಬೀಳುತ್ತದೆ, ಆ ನೀರಿನಲ್ಲಿ ಹುಳಿಯನ್ನು ತಡೆಯುವ ಕ್ಷಾರತೆ ಇಲ್ಲವೆಂದೇ ಹೇಳಬೇಕು. ಹೀಗೆ ಹುಳಿಯಾದ ನೀರು ಎಕ್ಸ್‌ಚೇಂಜರಿನ ತಾಮ್ರವನ್ನು ಕರಗಿಸುತ್ತದೆ. ಟೈಲ್ಸಿನ ಮೇಲೆ ನೀಲಿಹಸಿರು ಕಲೆ ಕಾಣಿಸಿದರೆ ಯಂತ್ರವೇ ಕರಗಿ ಕೊಳ ಸೇರುತ್ತಿರಬಹುದು ಎಂದು ಅನುಮಾನಿಸಬೇಕು. ಟೈಟಾನಿಯಂ ಕೊಳವೆಯ ಎಕ್ಸ್‌ಚೇಂಜರುಗಳು ಇದನ್ನು ತಡೆದುಕೊಳ್ಳುತ್ತವೆ. ಹಳೆಯ ತಾಮ್ರದ ಮಾದರಿಗಳು ತಡೆಯುವುದಿಲ್ಲ. ಪಿಎಚ್ 7.2ರಿಂದ 7.6, ಕ್ಷಾರತೆ 80ರಿಂದ 120 ಪಿಪಿಎಂ, ಕ್ಲೋರಿನ್ 1ರಿಂದ 3 ಪಿಪಿಎಂ ಇರುವಂತೆ ನೋಡಿಕೊಳ್ಳುವುದು ಎಲ್ಲೆಡೆಯ ಪದ್ಧತಿ, ಮಳೆಗಾಲದಲ್ಲಿ ನಮ್ಮವರು ಇದನ್ನು ವಾರಕ್ಕೆ ಎರಡು ಸಲ ಪರೀಕ್ಷಿಸಬೇಕು. 40,000 ಲೀಟರ್ ಕೊಳದ ಕ್ಷಾರತೆಯನ್ನು 10 ಪಿಪಿಎಂ ಏರಿಸಲು ಅಡಿಗೆ ಸೋಡ ಸುಮಾರು 700 ಗ್ರಾಂ ಸಾಕು, ಇದಕ್ಕೆ ದುಬಾರಿ ಡಬ್ಬಿಗಳ ಅಗತ್ಯವಿಲ್ಲ.

ಫಿಲ್ಟರು ಕಟ್ಟಿಕೊಂಡು ನೀರಿನ ಹರಿವು ಕುಗ್ಗಿದರೆ ಯಂತ್ರ ತಾನೇ ನಿಂತು ಎಚ್ಚರಿಕೆಯ ಸಂಕೇತ ತೋರಿಸುತ್ತದೆ. ಮರಳಿನ ಫಿಲ್ಟರಿನ ಒತ್ತಡ ಶುಚಿಯಾಗಿದ್ದಾಗಿನ ಮಟ್ಟಕ್ಕಿಂತ 8ರಿಂದ 10 ಪಿಎಸ್‌ಐ ಏರಿದಾಗ ನೀರನ್ನು ಹಿಮ್ಮುಖವಾಗಿ ಹಾಯಿಸಿ ತೊಳೆಯುವ ಬ್ಯಾಕ್‌ವಾಷ್ ಮಾಡುವುದು ವಾಡಿಕೆ. ದೂರು ಬಂದು ನಾವು ಹೋಗಿ ನೋಡಿದಾಗ ಪಂಪಿನ ಬುಟ್ಟಿ ತುಂಬ ಎಲೆಕಸ ಮಾತ್ರ ಇದ್ದ ಸಂದರ್ಭಗಳು ಕಡಿಮೆಯಲ್ಲ.

ಯಂತ್ರದ ಅಡಿಯಿಂದ ನೀರು ತೊಟ್ಟಿಕ್ಕುವುದನ್ನು ಕಂಡು ಗಾಬರಿಯಾಗಿ ಕರೆ ಮಾಡುವವರೂ ಹೆಚ್ಚು. ನಮ್ಮ ತೇವದ ಗಾಳಿ ತಣ್ಣನೆಯ ಸುರುಳಿಗೆ ತಾಗಿದಾಗ ಗಂಟೆಗೆ ಲೀಟರುಗಟ್ಟಲೆ ನೀರು ಇಳಿಯುವುದು ಸಹಜ, ಅದು ಯಂತ್ರ ಚೆನ್ನಾಗಿ ಕೆಲಸ ಮಾಡುತ್ತಿರುವ ಲಕ್ಷಣ. ಅನುಮಾನವಿದ್ದರೆ ಹೀಟ್ ಪಂಪನ್ನು ನಿಲ್ಲಿಸಿ ಕೊಳದ ಪಂಪನ್ನು ಮಾತ್ರ ಓಡಿಸಬೇಕು. ಸ್ವಲ್ಪ ಹೊತ್ತಿನಲ್ಲಿ ತೊಟ್ಟಿಕ್ಕುವುದು ನಿಂತರೆ ಅದು ಗಾಳಿಯ ನೀರು. ನಿಲ್ಲದಿದ್ದರೆ, ಕ್ಲೋರಿನ್ ಪರೀಕ್ಷಿಸುವ ಪಟ್ಟಿಯನ್ನು ಆ ನೀರಿಗೆ ಅದ್ದಿ ನೋಡಬೇಕು, ಬಣ್ಣ ಬಂದರೆ ಒಳಗೆ ಕೊಳದ ನೀರು ಸೋರುತ್ತಿದೆ ಎಂದರ್ಥ. ಇಳಿದ ನೀರು ಹೊರಗೆ ಹರಿದುಹೋಗುವ ತೂತು ಪಾಚಿಯಿಂದ ಮುಚ್ಚಿಹೋಗದಂತೆ ಕಡ್ಡಿಯಿಂದ ಬಿಡಿಸುತ್ತಿರಬೇಕು, ಇಲ್ಲವಾದರೆ ಸುರುಳಿಯ ಬುಡ ಸದಾ ನೀರಿನಲ್ಲಿ ನಿಂತು ಅಲ್ಲಿಂದಲೇ ಕೊಳೆಯುತ್ತದೆ.

ಇನ್ನೊಂದು ಮಾತು ಮನೆ ಕಟ್ಟಿಸುವವರಿಗೆ. ಯಂತ್ರ ಕಣ್ಣಿಗೆ ಅಂದವಲ್ಲವೆಂದು ಅದರ ಸುತ್ತ ಮುರಕಲ್ಲಿನ ಗೋಡೆ ಎಬ್ಬಿಸಿ ಮೇಲೆ ಶೀಟು ಹೊದೆಸುವ ಪರಿಪಾಠ ನಮ್ಮಲ್ಲಿ ಬಲವಾಗಿದೆ. ಫ್ಯಾನು ಹೊರಹಾಕಿದ ತಣ್ಣನೆಯ ಗಾಳಿಯನ್ನೇ ಯಂತ್ರ ಮತ್ತೆ ಎಳೆದುಕೊಳ್ಳುವಂತಾದರೆ ಅದಕ್ಕೆ ಶಾಖ ಸಿಗುವುದು ಎಲ್ಲಿಂದ? ಹಿಂಬದಿಯಲ್ಲಿ ಕನಿಷ್ಠ ಅರ್ಧ ಮೀಟರ್, ಫ್ಯಾನಿನ ಎದುರಿಗೆ ಎರಡು ಮೀಟರಿಗೂ ಹೆಚ್ಚು ತೆರವು ಬೇಕು. ನೆಲದಿಂದ ಎತ್ತರಿಸಿದ ಕಾಂಕ್ರೀಟ್ ಕಟ್ಟೆ ಬೇಕು, ಮಾಡಿನ ನೀರು ಧಾರೆಯಾಗಿ ಯಂತ್ರದ ಮೇಲೆ ಬೀಳಬಾರದು. ವಿದ್ಯುತ್ ಪೆಟ್ಟಿಗೆಯೊಳಗೆ ಇರುವೆಗಳು ಗೂಡು ಕಟ್ಟುವುದು, ಕಾಂಟ್ಯಾಕ್ಟರ್ ಎಂಬ ವಿದ್ಯುತ್ ಸ್ವಿಚ್ಚಿನ ನಡುವೆ ಹಲ್ಲಿ ಸಿಕ್ಕಿ ಸುಟ್ಟುಹೋಗುವುದು ಇಲ್ಲಿ ನಿತ್ಯದ ಕಥೆ. ಕೇಬಲ್ ಒಳಹೋಗುವ ತೂತುಗಳನ್ನು ರಬ್ಬರ್ ಬಿರಡೆಯಿಂದ ಮುಚ್ಚಿದರೆ ಅರ್ಧ ಕಾಟ ತಪ್ಪುತ್ತದೆ. ತುಲಾ ತಿಂಗಳ ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಇರಲಿ. ಈಜುವವರ ಜೀವಕ್ಕೆ ಕರೆಂಟು ಸೋರಿದೊಡನೆ ಲೈನನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು, ಇವುಗಳಲ್ಲಿ ಉಳಿತಾಯ ಮಾಡುವ ಮಾತೇ ಇಲ್ಲ.

ತಯಾರಕರು ಕೊಡುವ ಕೈಪಿಡಿಗಳು ಹಿಮ ಬೀಳುವ ದೇಶಗಳನ್ನು ಮನಸ್ಸಿನಲ್ಲಿಟ್ಟು ಬರೆದಂಥವು. ಚಳಿಗಾಲ ಬಂದೊಡನೆ ಯಂತ್ರವನ್ನು ನಿಲ್ಲಿಸಿ, ನೀರು ಹೆಪ್ಪುಗಟ್ಟದಂತೆ ಬಸಿದು, ಹೊದಿಕೆ ಹಾಕಿರೆಂದು ಅವು ಹೇಳುತ್ತವೆ. ನಮ್ಮ ಪಂಚಾಂಗ ಅದಕ್ಕೆ ತಿರುಗುಮುರುಗು: ನಮ್ಮ ಯಂತ್ರಕ್ಕೆ ರಜೆ ಸಿಗುವುದು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ. ಆಗಲೂ ನೀರು ಬಸಿಯುವುದು ಒಳ್ಳೆಯದೇ, ಹೆಪ್ಪುಗಟ್ಟುವ ಭಯಕ್ಕಲ್ಲ, ನಿಂತ ನೀರು ಎಕ್ಸ್‌ಚೇಂಜರನ್ನು ಕೆಡಿಸುತ್ತದೆಂಬ ಕಾರಣಕ್ಕೆ. ಬಸಿಯುವ ಮೊದಲು ಸುರುಳಿಯನ್ನು ಚೆನ್ನಾಗಿ ತೊಳೆದು ಒಣಗಿಸಬೇಕು. ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಸುತ್ತಿ ಕಟ್ಟಿದರೆ ಒಳಗಿನ ಪಸೆ ಹೊರಹೋಗದೆ ತುಕ್ಕು ಹಿಡಿಯುತ್ತದೆ, ಇಲಿಗಳಿಗೂ ಒಳ್ಳೆಯ ಮನೆಯಾಗುತ್ತದೆ. ಮೇಲ್ಭಾಗಕ್ಕೆ ಮಾತ್ರ ಹೊದಿಕೆ ಸಾಕು.

ತಮ್ಮ ಪತ್ರಿಕೆಯ ಮೂಲಕ ನನ್ನ ಕೋರಿಕೆ ಇಷ್ಟೇ. ಈ ಯಂತ್ರಗಳನ್ನು ಮಾರುವವರು, ತೊಳೆಯುವ ಕ್ರಮವನ್ನೂ ಅವಧಿಯನ್ನೂ ಒಂದು ಪುಟದಲ್ಲಿ ಕನ್ನಡ ಮತ್ತು ಮಲಯಾಳದಲ್ಲಿ ಮುದ್ರಿಸಿ ಯಂತ್ರದ ಪಕ್ಕದಲ್ಲೇ ಅಂಟಿಸಿಕೊಡಲಿ, ಏಕೆಂದರೆ ಹೋಸು ಹಿಡಿಯುವ ತೋಟದ ಕೆಲಸದವರ ಕೈಗೆ ಇಂಗ್ಲಿಷಿನ ಕೈಪಿಡಿ ತಲುಪುವುದೇ ಇಲ್ಲ. ವಾರ್ಷಿಕ ನಿರ್ವಹಣೆಯ ಒಪ್ಪಂದಕ್ಕೆ ಸಹಿ ಹಾಕುವ ಯಜಮಾನರು, ‘ಸರ್ವಿಸ್ ಮಾಡಲಾಗುವುದು’ ಎಂಬ ಒಂದು ಸಾಲಿಗೆ ತೃಪ್ತರಾಗದೆ, ಸುರುಳಿಯನ್ನು ಕಡಿಮೆ ಒತ್ತಡದ ಸಿಹಿನೀರಿನಿಂದ ತೊಳೆಯುವುದು, ಪ್ರೆಷರ್ ವಾಷರ್ ಮತ್ತು ಆಸಿಡ್ ಬಳಸದಿರುವುದು, ವಿದ್ಯುತ್ ಜೋಡಣೆಗಳನ್ನು ಬಿಗಿಗೊಳಿಸುವುದು, ಸೋರಿಕೆ ತೋರಿಸದೆ ಅನಿಲ ತುಂಬದಿರುವುದು ಎಂದು ಬಿಡಿಬಿಡಿಯಾಗಿ ಬರೆಯಿಸಿಕೊಳ್ಳಲಿ. ಹೊಸದಾಗಿ ಕೊಳ್ಳುವವರು ಕಡಲಿನಿಂದ ತಮ್ಮ ಮನೆಗಿರುವ ದೂರವನ್ನು ಮೊದಲೇ ತಿಳಿಸಿ, ಟೈಟಾನಿಯಂ ಎಕ್ಸ್‌ಚೇಂಜರ್ ಇರುವ, ಸುರುಳಿಗೆ ಕಾರ್ಖಾನೆಯಲ್ಲೇ ತುಕ್ಕುನಿರೋಧಕ ಲೇಪನ ಕೊಟ್ಟಿರುವ ಮಾದರಿಯನ್ನೇ ಕೇಳಲಿ. ಯಂತ್ರ ಬಂದು ಉಪ್ಪುಗಾಳಿಯಲ್ಲಿ ನಿಂತ ಮೇಲೆ ಸ್ಪ್ರೇ ಡಬ್ಬಿಯಿಂದ ಬಳಿಯುವ ಲೇಪ ರೆಕ್ಕೆಗಳ ಹೊರ ಅಂಚನ್ನು ದಾಟಿ ಒಳಗೆ ಹೋಗುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಕುಂಬಳೆ, ಕಾಸರಗೋಡು ಜಿಲ್ಲೆ